ಮಕ್ಕಳನ್ನು ಆರಾಧನೆಯ ನಡುವೆ ಎಬ್ಬಿಸಿ ಕಳಿಸಬೇಡಿ

ನಮ್ಮ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಎಷ್ಟೋ ಕಡೆ ಪ್ರಸಂಗಕ್ಕೆ ಮುಂಚೆ ಒಂದು ಪ್ರಕಟಣೆ ಬರುತ್ತದೆ: ಮಕ್ಕಳು ಇನ್ನು ಸಂಡೇ ಸ್ಕೂಲಿಗೆ ಹೋಗಬಹುದು. ಮಕ್ಕಳು ಸಾಲಾಗಿ ಹೊರಗೆ ಹೋಗುತ್ತಾರೆ, ದೊಡ್ಡವರು ನೆಮ್ಮದಿಯಾಗಿ ಕೂರುತ್ತಾರೆ. ಈ ಪದ್ಧತಿ ನಿಲ್ಲಬೇಕು. ಅಷ್ಟೇ ಅಲ್ಲ, ದೀಕ್ಷಾಸ್ನಾನವಾದ ಮಕ್ಕಳಿಗೆ ದೃಢೀಕರಣದವರೆಗೆ ಕಾಯಿಸದೆ ಕರ್ತನ ಭೋಜನದಲ್ಲಿ ಪಾಲು ಕೊಡಬೇಕು. ಈ ಎರಡನೆಯ ಮಾತು ಎತ್ತಿದರೆ ಸಭಾಸಮಿತಿಗಳಲ್ಲಿ ದನಿ ಏರುತ್ತದೆ. ಏರಲಿ, ಮುಚ್ಚಿಡುವ ಮಾತಲ್ಲ ಇದು.

ವಿರೋಧಿಸುವವರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯವನ್ನು ತೆಗೆದು ತೋರಿಸುತ್ತಾರೆ. ತನ್ನನ್ನು ತಾನು ಪರೀಕ್ಷಿಸಿಕೊಳ್ಳಲು ಬಾರದ ಮಗು ಆ ರೊಟ್ಟಿಯನ್ನು ಹೇಗೆ ಮುಟ್ಟೀತು ಎಂಬುದು ಅವರ ವಾದ. ಅದೇ ಅಧ್ಯಾಯವನ್ನು ಸ್ವಲ್ಪ ಮೇಲಿನಿಂದ ಓದಬೇಕು. ಆ ಸಭೆಯಲ್ಲಿ ಉಳ್ಳವರು ಮೊದಲೇ ತಿಂದು ಕುಡಿದು ಮುಗಿಸುತ್ತಿದ್ದರು, ಇಲ್ಲದವರು ಹಸಿದು ಕೂರುತ್ತಿದ್ದರು. ಪೌಲನ ಸಿಟ್ಟೆಲ್ಲ ಅದರ ಮೇಲೆ. ಕೆಲವರನ್ನು ಬಿಟ್ಟು ಉಂಡವರನ್ನು ಗದರಿಸಿದ ಆ ಮಾತನ್ನೇ ಹಿಡಿದು ಇನ್ನು ಕೆಲವರನ್ನು ಮೇಜಿನಿಂದ ದೂರವಿಡುವುದು ಎಲ್ಲಿಯ ನ್ಯಾಯ?

ಅರ್ಥವಾಗುವುದೇ ಅರ್ಹತೆಯಾದರೆ ಮರೆವಿನ ಕಾಯಿಲೆ ಹತ್ತಿದ ಅಜ್ಜಿಯನ್ನು ಏನು ಮಾಡುತ್ತೀರಿ? ಆಕೆಗೆ ಮಗನ ಹೆಸರೂ ನೆನಪಿಲ್ಲ. ಆದರೆ ಹಾರ್ಮೋನಿಯಂ ಹಳೆಯ ಕೀರ್ತನೆಯ ರಾಗ ಎತ್ತಿದೊಡನೆ ಚರಣಕ್ಕೆ ಚರಣ ಹಾಡುತ್ತಾಳೆ. ಸಭಾಪಾಲಕರು ರೊಟ್ಟಿ ಹಿಡಿದು ಬಂದರೆ ಕೈ ತಾನಾಗಿ ಚಾಚುತ್ತದೆ. ಆಕೆಗೆ ಯಾರೂ ಪರೀಕ್ಷೆ ಇಡುವುದಿಲ್ಲ, ಇಡಲೂಬಾರದು. ಆಕೆಗೆ ಆ ಕೀರ್ತನೆ ಬಂದದ್ದಾದರೂ ಎಲ್ಲಿಂದ? ಅರ್ಥ ಪೂರ್ತಿ ತಿಳಿಯುವ ಮುಂಚೆ, ತಾಯಿಯ ಪಕ್ಕದಲ್ಲಿ ನಿಂತು, ದೊಡ್ಡವರ ದನಿಗೆ ದನಿ ಸೇರಿಸಿ ಕಲಿತದ್ದು. ಇಂದಿನ ಮಗುವನ್ನು ಪಕ್ಕದ ಕೋಣೆಗೆ ಕಳಿಸಿ ಆ ಬುತ್ತಿಯನ್ನೇ ನಾವು ಕಸಿದುಕೊಳ್ಳುತ್ತಿದ್ದೇವೆ.

ಪೂರ್ವದ ಆರ್ಥೊಡಾಕ್ಸ್ ಸಭೆಗಳು ಇಂದಿಗೂ ಕೂಸಿಗೆ ದೀಕ್ಷಾಸ್ನಾನದ ಜೊತೆಗೇ ಕರ್ತನ ಭೋಜನ ಕೊಡುತ್ತವೆ. ಪಶ್ಚಿಮದಲ್ಲಿ ಆ ರೂಢಿ ಮಧ್ಯಯುಗದಲ್ಲಿ ತಪ್ಪಿಹೋಯಿತು. 1910ರಲ್ಲಿ ಹತ್ತನೇ ಪಯಸ್ ಪೋಪರು ಕ್ಯಾಥೊಲಿಕ್ ಮಕ್ಕಳ ಮೊದಲ ಪರಮಪ್ರಸಾದದ ವಯಸ್ಸನ್ನು ಸುಮಾರು ಏಳಕ್ಕೆ ಇಳಿಸಿದರು. ಇಂಗ್ಲೆಂಡಿನ ಆಂಗ್ಲಿಕನ್ ಸಭೆಯಲ್ಲಿ ದಶಕಗಟ್ಟಲೆ ವಾಗ್ವಾದ ನಡೆಯಿತು. ಕಡೆಗೆ 1997ರ ಮಾರ್ಗಸೂಚಿ, 2006ರ ನಿಯಮಗಳ ಮೂಲಕ, ಬಿಷಪ್ಪರ ಅನುಮತಿ ಪಡೆದ ಸಭೆಗಳಲ್ಲಿ ದೃಢೀಕರಣಕ್ಕೆ ಮುಂಚೆಯೇ ಮಕ್ಕಳಿಗೆ ರೊಟ್ಟಿ, ದ್ರಾಕ್ಷಾರಸ ಸಿಗುವಂತಾಯಿತು. ದೃಢೀಕರಣವಾಗಬೇಕೆಂಬ ಕಟ್ಟಳೆಯನ್ನು ನಮಗೆ ಕೊಟ್ಟುಹೋದವರಲ್ಲಿ ಒಬ್ಬರೇ ಅದನ್ನು ಸಡಿಲಿಸಿದ ಮೇಲೂ ನಾವು ಮಾತ್ರ ಬಿಗಿಯಾಗಿ ಹಿಡಿದುಕೊಂಡಿರುವುದೇಕೆ?

ನಮ್ಮದೇ ಆಸ್ತಿಯನ್ನು ನೋಡಿ. 1947ರಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆ 1950ರ ತನ್ನ ಕರ್ತನ ಭೋಜನದ ಕ್ರಮದಲ್ಲಿ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ರೂಢಿ ತಂದಿತು. ಕೇರಳದ ಸುರಿಯಾನಿ ಪರಂಪರೆಯಿಂದ ಪಡೆದ ಈ ಪದ್ಧತಿಯನ್ನು ಕಂಡು ಬೇರೆ ದೇಶಗಳ ಸಭೆಗಳೂ ಕಲಿತವು. ಒಬ್ಬರ ಬಲಗೈ ಇನ್ನೊಬ್ಬರ ಬಲಗೈಯನ್ನು ಸೇರುತ್ತದೆ, ಎಡಗೈಗಳು ಅದರ ಮೇಲೆ ಮುಚ್ಚುತ್ತವೆ, ಅಲ್ಲಿಂದ ಮುಂದಿನವರಿಗೆ. ಮೂರು ವರ್ಷದ ಮಗುವಿಗೂ ಬರುತ್ತದೆ, ನಡುಗುವ ಕೈಯ ಅಜ್ಜನಿಗೂ ಬರುತ್ತದೆ. ಆದರೆ ಇದು ಬರುವುದು ಪ್ರಸಂಗವಾದ ಮೇಲೆ. ಆ ಹೊತ್ತಿಗೆ ಮಕ್ಕಳು ಅಲ್ಲಿರುವುದೇ ಇಲ್ಲ.

ಕರಾವಳಿಯ ಕ್ಯಾಥೊಲಿಕರ ಮೊಂತಿ ಹಬ್ಬದಲ್ಲಿ ಸೆಪ್ಟೆಂಬರ್ 8ಕ್ಕೆ ಮುಂಚಿನ ದಿನಗಳಲ್ಲೆಲ್ಲ ಮಕ್ಕಳು ಬಾಲ ಮರಿಯಳಿಗೆ ಹೂ ತರುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ತೆನೆ ಮನೆಮನೆಗೆ ಹೋಗುತ್ತದೆ, ಹೊಸ ಅಕ್ಕಿಯನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಯವರೆಲ್ಲ ಒಟ್ಟಿಗೆ ಉಣ್ಣುತ್ತಾರೆ. ಅಲ್ಲಿ ಮಗುವಿನ ಹೂವಿಲ್ಲದೆ ಹಬ್ಬ ಸಾಗುವುದಿಲ್ಲ. ಪ್ರಾಟೆಸ್ಟೆಂಟರಾದ ನಾವು ವರ್ಷಕ್ಕೊಮ್ಮೆ ಮಕ್ಕಳ ಭಾನುವಾರವೆಂದು ಅವರನ್ನು ಮುಂದೆ ನಿಲ್ಲಿಸಿ, ಅಭಿನಯಗೀತೆ ಹಾಡಿಸಿ, ಮೊಬೈಲಿನಲ್ಲಿ ಚಿತ್ರೀಕರಿಸಿ ಚಪ್ಪಾಳೆ ತಟ್ಟುತ್ತೇವೆ. ಅದು ಪ್ರದರ್ಶನ, ಆರಾಧನೆಯಲ್ಲ.

ಮಾಡಬೇಕಾದದ್ದು ಕಷ್ಟದ್ದೇನಲ್ಲ. ಹತ್ತು ವರ್ಷದ ಹುಡುಗಿಗೆ ಬುಧವಾರವೇ ವೇದಪಾಠ ಕೊಟ್ಟು ಅಭ್ಯಾಸ ಮಾಡಿಸಿ, ಭಾನುವಾರ ಅವಳಿಂದ ಓದಿಸಿ. ಪ್ರಾರ್ಥನೆಗೆ ಎಲ್ಲರ ಬಾಯಲ್ಲಿ ನಿಲ್ಲುವಂಥ ಗಿಡ್ಡ ಪ್ರತ್ಯುತ್ತರವಿರಲಿ. ಪ್ರಸಂಗ ಕಾಲು ಗಂಟೆಗೆ ಮುಗಿಯಲಿ. ದೊಡ್ಡವರಿಗೂ ಅದು ಉಪಕಾರವೇ. ಹಿರಿಯರಿಗೆ ದಪ್ಪಕ್ಷರದ ಕೀರ್ತನೆ ಪುಸ್ತಕ ಕೊಡಿ, ಮೆಟ್ಟಿಲು ಹತ್ತಲಾರದವರಿಗೆ ಕುಳಿತಲ್ಲಿಗೇ ರೊಟ್ಟಿ ತಂದುಕೊಡಿ. ಕೂಸು ಅತ್ತರೆ ತಾಯಿಯತ್ತ ತಿರುಗಿ ಹುಬ್ಬುಗಂಟಿಕ್ಕುವುದನ್ನು ಬಿಡಿ.

ಹಾಗಾದರೆ ಸಂಡೇ ಸ್ಕೂಲ್ ಬೇಡವೇ ಎಂದು ಕೇಳುವವರಿದ್ದಾರೆ. ಖಂಡಿತ ಬೇಕು. 1780ರ ಸುಮಾರಿಗೆ ಇಂಗ್ಲೆಂಡಿನ ಗ್ಲಾಸ್ಟರ್ ಊರಿನಲ್ಲಿ ರಾಬರ್ಟ್ ರೇಕ್ಸ್ ಅದನ್ನು ಆರಂಭಿಸಿದ್ದು ವಾರವಿಡೀ ದುಡಿಯುವ ಬಡಮಕ್ಕಳಿಗೆ ಓದು ಕಲಿಸಲು, ದೊಡ್ಡವರ ಆರಾಧನೆಗೆ ಸದ್ದು ತಾಗದಿರಲೆಂದು ಅಲ್ಲ. ಅದನ್ನು ಆರಾಧನೆಗೆ ಒಂದು ಗಂಟೆ ಮುಂಚೆ ಇಟ್ಟುಕೊಳ್ಳಲಿ. ಹಾಗೆ ಮಾಡಿದರೆ ಭಾನುವಾರ ಭಾನುವಾರವೂ ಪಕ್ಕದ ಕೋಣೆಯಲ್ಲೇ ಉಳಿದು ಪ್ರಸಂಗ ಕೇಳದ ಶಿಕ್ಷಕಿಯರಿಗೂ ಸಭೆಯ ನಡುವೆ ಜಾಗ ಸಿಗುತ್ತದೆ.