ಇಳಿಜಾರಿನ ಹಾದಿ, ಚಕ್ರದ ಹಿಡಿತ

ಮಲೆನಾಡಿನ ಮನೆಗಳಿಗೆ ಜೀಪು ಹೊಸದಲ್ಲ. ಆದರೆ ಈಚಿನ ವರ್ಷಗಳಲ್ಲಿ ಬಯಲುಸೀಮೆಯ ಕುಟುಂಬಗಳೂ ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಸಲ್ಲುವ ವಾಹನಗಳನ್ನು, ಅಂದರೆ ಆಲ್ ವೀಲ್ ಡ್ರೈವ್ ಎಂದು ಕರೆಯುವ ವಾಹನಗಳನ್ನು ಕೊಳ್ಳತೊಡಗಿವೆ. ರಜೆ ಬಂದಿತೆಂದರೆ ಹಿರಿಯರನ್ನೂ ಮಕ್ಕಳನ್ನೂ ಕೂರಿಸಿಕೊಂಡು ಬೆಟ್ಟದ ದಾರಿ ಹಿಡಿಯುವುದು ಅನೇಕರ ವಾಡಿಕೆಯಾಗಿದೆ. ಟಾರು ರಸ್ತೆ ಮುಗಿದಲ್ಲಿ ನಿಲ್ಲದೆ ಮಣ್ಣಿನ ಹಾದಿಗೂ ಇಳಿಯುವ ಉತ್ಸಾಹ ಹಲವರಲ್ಲಿದೆ. ಇಂತಹ ವಾಹನಗಳ ಮುಂಭಾಗದ ಫಲಕದಲ್ಲಿ ಇಳಿಜಾರಿನ ಮೇಲೆ ನಿಂತ ಕಾರಿನ ಚಿತ್ರವುಳ್ಳ ಒಂದು ಒತ್ತುಗುಂಡಿ ಇರುತ್ತದೆ. ಅದಕ್ಕೆ ಹಿಲ್ ಡಿಸೆಂಟ್ ಕಂಟ್ರೋಲ್ ಎಂದು ಹೆಸರು. ನಾವು ಇಳಿಜಾರು ನಿಯಂತ್ರಣ ಎಂದು ಕರೆಯೋಣ. ಮಾರುವವರು ಅದನ್ನು ತೋರಿಸಿ, ‘ಇದನ್ನು ಒತ್ತಿ ಕಾಲು ತೆಗೆಯಿರಿ, ಗಾಡಿ ತಾನೇ ಇಳಿಯುತ್ತದೆ’ ಎನ್ನುವರು. ಮಾತು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಉಳಿದ ಅರ್ಧವನ್ನು ಅರಿಯದೆ ಸಂಸಾರ ಸಮೇತ ಕಡಿದಾದ ಹಾದಿಗೆ ಇಳಿಯುವುದು ತರವಲ್ಲ ಎಂಬ ಕಾರಣಕ್ಕೆ ಈ ಸಂಚಿಕೆಯಲ್ಲಿ ಈ ವಿಷಯವನ್ನೆತ್ತಿಕೊಂಡಿದ್ದೇವೆ.

ಈ ಏರ್ಪಾಡು ಹುಟ್ಟಿದ ಬಗೆಯೇ ಅದರ ಗುಣವನ್ನೂ ಮಿತಿಯನ್ನೂ ಹೇಳುತ್ತದೆ. ಹಳೆಯ ಜೀಪುಗಳಲ್ಲಿ ಸಾಮಾನ್ಯ ಗೇರುಗಳಲ್ಲದೆ ಇನ್ನೊಂದು ಸಣ್ಣ ಸನ್ನೆಕೋಲಿರುತ್ತದೆ. ಅದನ್ನು ಲೋ ರೇಂಜಿಗೆ ತಂದು ಒಂದನೆಯ ಗೇರು ಹಾಕಿದರೆ ಎಂಜಿನ್ನೇ ಚಕ್ರಗಳನ್ನು ಬಿಗಿಹಿಡಿದು ಗಾಡಿಯನ್ನು ಆಮೆಯಂತೆ ಇಳಿಸುತ್ತದೆ. ಚಾಲಕನು ಬ್ರೇಕಿನ ಮೇಲೆ ಕಾಲಿಡುವ ಅಗತ್ಯವೇ ಹೆಚ್ಚಾಗಿ ಬೀಳುವುದಿಲ್ಲ. ಬ್ರಿಟನ್ನಿನ ಲ್ಯಾಂಡ್ ರೋವರ್ ಸಂಸ್ಥೆಯು 1997ರಲ್ಲಿ ಫ್ರೀಲ್ಯಾಂಡರ್ ಎಂಬ ಹಗುರವಾದ ವಾಹನವನ್ನು ಹೊರತಂದಾಗ ಅದರಲ್ಲಿ ಆ ಎರಡನೆಯ ಸನ್ನೆಕೋಲನ್ನು ಇಡಲಿಲ್ಲ. ಆದರೂ ಗಾಡಿ ಕಡಿದಾದ ಹಾದಿಯನ್ನು ಇಳಿಯಬೇಕಿತ್ತು. ಆಗ ಅಲ್ಲಿನ ಎಂಜಿನಿಯರುಗಳು ವಾಹನದಲ್ಲಿ ಮೊದಲೇ ಇದ್ದ ಎಬಿಎಸ್ ಬ್ರೇಕಿನ ಸಲಕರಣೆಯನ್ನೇ ಹೊಸ ಕೆಲಸಕ್ಕೆ ಹಚ್ಚಿದರು. ಹೀಗೆ ಇಳಿಜಾರು ನಿಯಂತ್ರಣವು ಮೊದಲಿಗೆ ಇಲ್ಲದ ಗೇರಿನ ಸ್ಥಾನವನ್ನು ತುಂಬಲು ಬಂದುದು. ಮುಂದೆ ಬೇರೆ ಸಂಸ್ಥೆಗಳೂ ಇದನ್ನು ಅಳವಡಿಸಿಕೊಂಡವು. ನಮ್ಮ ದೇಶದಲ್ಲಿ 2011ರಲ್ಲಿ ಬಂದ ಮಹೀಂದ್ರ ಎಕ್ಸ್‌ಯುವಿ 500ರಲ್ಲಿ ಇದಿತ್ತು. 2023ರಲ್ಲಿ ಬಂದ ಮಾರುತಿಯ ಜಿಮ್ನಿಯಲ್ಲಿ ಲೋ ರೇಂಜ್ ಗೇರೂ ಇದೆ, ಇದೂ ಇದೆ. ಲ್ಯಾಂಡ್ ರೋವರ್ ಸಂಸ್ಥೆಯೇ 2008ರಲ್ಲಿ ನಮ್ಮ ಟಾಟಾ ಮೋಟಾರ್ಸಿನ ಕೈಸೇರಿತೆಂಬುದು ಓದುಗರಿಗೆ ನೆನಪಿರಬಹುದು.

ಇನ್ನು ಅದು ಕೆಲಸ ಮಾಡುವ ರೀತಿ. ಪ್ರತಿ ಚಕ್ರದ ಬಳಿಯೂ ಅದರ ತಿರುಗುವ ವೇಗವನ್ನು ಅಳೆಯುವ ಒಂದು ಸಣ್ಣ ಸಂವೇದಕವಿರುತ್ತದೆ. ಗುಂಡಿ ಒತ್ತಿ ಬ್ರೇಕಿನಿಂದಲೂ ಆಕ್ಸಿಲರೇಟರಿನಿಂದಲೂ ಕಾಲು ತೆಗೆದಾಗ, ನಿಗದಿಯಾದ ನಿಧಾನ ವೇಗವನ್ನು ಗಾಡಿ ಮೀರಿತೆಂದರೆ ಎಬಿಎಸ್ ಪಂಪು ತಾನಾಗಿಯೇ ಬ್ರೇಕು ಒತ್ತುತ್ತದೆ. ಇದರ ಹೆಚ್ಚುಗಾರಿಕೆ ಇರುವುದು ಮುಂದಿನ ಮಾತಿನಲ್ಲಿ. ನಾವು ಕಾಲಿನಿಂದ ಬ್ರೇಕು ಒತ್ತಿದರೆ ನಾಲ್ಕು ಚಕ್ರಗಳಿಗೂ ಒಟ್ಟಿಗೇ ಒತ್ತಡ ಹೋಗುತ್ತದೆ. ಆದರೆ ಈ ಯಂತ್ರವು ಒಂದೊಂದು ಚಕ್ರವನ್ನೂ ಬೇರೆ ಬೇರೆಯಾಗಿ ನೋಡಿಕೊಳ್ಳುತ್ತದೆ. ಕಲ್ಲಿನ ಮೇಲಿರುವ ಚಕ್ರಕ್ಕೆ ಹೆಚ್ಚು, ಕೆಸರಿನಲ್ಲಿರುವ ಚಕ್ರಕ್ಕೆ ಕಡಿಮೆ, ಹೀಗೆ. ಯಾವ ಚಕ್ರ ತಿರುಗುವುದನ್ನು ನಿಲ್ಲಿಸಿ ಜಾರತೊಡಗಿತೋ ಅದನ್ನು ಕೂಡಲೇ ಸಡಿಲಿಸುತ್ತದೆ. ಎಷ್ಟು ನುರಿತವರ ಕಾಲೂ ಮಾಡಲಾರದ ಕೆಲಸವಿದು. ಆಗ ಗಾಡಿಯ ಅಡಿಯಿಂದ ಗರಗರ ಎಂಬ ಸದ್ದು ಬರುತ್ತದೆ, ಪಾದದಡಿ ನಡುಕವೂ ಕಾಣಬಹುದು. ಮೊದಲ ಬಾರಿ ಕೇಳಿದವರು ಏನೋ ಮುರಿಯಿತೆಂದು ಗಾಬರಿಯಾಗುವುದುಂಟು. ಹೆದರಬೇಕಾಗಿಲ್ಲ, ಪಂಪು ದುಡಿಯುತ್ತಿರುವ ಸದ್ದದು.

ಚಕ್ರ ಜಾರಬಾರದೆಂಬುದಕ್ಕೆ ಇಷ್ಟು ಮಹತ್ತ್ವವೇಕೆ? ತಿರುಗುವ ಚಕ್ರ ಮಾತ್ರ ಸ್ಟೀರಿಂಗಿನ ಮಾತು ಕೇಳುತ್ತದೆ. ಬ್ರೇಕಿನಿಂದ ಕಚ್ಚಿಕೊಂಡು ನಿಂತ ಚಕ್ರವು ಜಾರುಬಂಡೆಯ ಮೇಲಿನ ಹಲಗೆಯಿದ್ದಂತೆ, ಹೇಗೆ ತಿರುವಿದರೂ ನೇರ ಕೆಳಕ್ಕೇ ಹೋಗುತ್ತದೆ. ಇಳಿಯುವಾಗ ಭಾರವೆಲ್ಲ ಮುಂದಿನ ಚಕ್ರಗಳ ಮೇಲೆ ಬಿದ್ದು ಹಿಂದಿನವು ಹಗುರಾಗುವುದರಿಂದ, ಹಿಂಭಾಗ ಪಕ್ಕಕ್ಕೆ ಸರಿದು ಗಾಡಿ ಅಡ್ಡ ತಿರುಗುವ ಭಯವೂ ಇದೆ. ಕಡಿದಾದ ಇಳಿಜಾರಿನಲ್ಲಿ ಅಡ್ಡ ತಿರುಗಿದ ಗಾಡಿ ಮಗುಚುವುದಕ್ಕೆ ಹೆಚ್ಚೇನೂ ಬೇಕಾಗಿಲ್ಲ.

ಈಗ ಆ ಉಳಿದರ್ಧ ಮಾತಿಗೆ ಬರೋಣ. ಯಂತ್ರವು ನೆಲದಲ್ಲಿರುವ ಹಿಡಿತವನ್ನು ಜಾಣತನದಿಂದ ಹಂಚಬಲ್ಲದು, ಇಲ್ಲದ ಹಿಡಿತವನ್ನು ಹುಟ್ಟಿಸಲಾರದು. ಸ್ವಲ್ಪ ಲೆಕ್ಕ ಹಾಕಿ ನೋಡೋಣ. 2000 ಕಿಲೋ ತೂಕದ ವಾಹನ 30 ಡಿಗ್ರಿ ಇಳಿಜಾರಿನಲ್ಲಿದ್ದರೆ ಅದರ ತೂಕದ ಅರ್ಧ, ಅಂದರೆ 1000 ಕಿಲೋ ಭಾರದಷ್ಟು ಸೆಳೆತ ಅದನ್ನು ಕೆಳಕ್ಕೆ ಎಳೆಯುತ್ತಿರುತ್ತದೆ. ನೆಲವನ್ನು ಒತ್ತುವ ಭಾರ ಸುಮಾರು 1730 ಕಿಲೋ. ಗಾಡಿ ಜಾರದಿರಬೇಕಾದರೆ ಟೈರು ಮತ್ತು ನೆಲದ ನಡುವಿನ ಹಿಡಿತವು ಒತ್ತುವ ಭಾರದ ನೂರಕ್ಕೆ 58ರಷ್ಟಾದರೂ ಇರಬೇಕು. ಒಣಗಿದ ಗಟ್ಟಿ ನೆಲದಲ್ಲಿ ಅಷ್ಟು ಸಿಕ್ಕೀತು. ಮಳೆ ಬಿದ್ದು ನೆನೆದ ಜೇಡಿಮಣ್ಣಿನಲ್ಲಿ ಅದು ನೂರಕ್ಕೆ 25ಕ್ಕೆ ಇಳಿಯಿತೆಂದುಕೊಳ್ಳಿ. ಆಗ ಕೇವಲ 14 ಡಿಗ್ರಿಯ ಇಳಿಜಾರಿನಲ್ಲಿಯೇ ನಿಂತ ಗಾಡಿಯೂ ಜಾರತೊಡಗುತ್ತದೆ. ಅಲ್ಲಿ ಗುಂಡಿ ಒತ್ತಿದ್ದರೇನು, ಬಿಟ್ಟಿದ್ದರೇನು? ಒಂದು ಮಾತು: ನಮ್ಮಲ್ಲಿ ಸ್ವಲ್ಪ ಕಡಿದಾದ ಇಳಿಜಾರನ್ನೆಲ್ಲ ‘ನಲವತ್ತೈದು ಡಿಗ್ರಿ’ ಎನ್ನುವ ರೂಢಿಯಿದೆ. ನಿಜವಾದ 45 ಡಿಗ್ರಿಯೆಂದರೆ ಹತ್ತು ಅಡಿ ಮುಂದೆ ಹೋದರೆ ಹತ್ತು ಅಡಿ ಕೆಳಗಿಳಿಯುವುದು. ಹತ್ತು ಅಡಿಗೆ ಒಂದಡಿ ಇಳಿಯುವ ರಸ್ತೆ ಆರು ಡಿಗ್ರಿಯೂ ಆಗುವುದಿಲ್ಲ. ಕಣ್ಣಿನ ಅಂದಾಜು ಎಷ್ಟು ಮೋಸ ಮಾಡುತ್ತದೆಂಬುದಕ್ಕೆ ಇಷ್ಟು ಸಾಕು.

ಹಿಂದಿನ ಮುಂಗಾರಿನಲ್ಲಿ ನಾವು ಸಕಲೇಶಪುರದ ಕಡೆಯ ಪರಿಚಿತರೊಬ್ಬರ ಕಾಫಿ ತೋಟಕ್ಕೆ ಹೋಗಿದ್ದೆವು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅವರ ಮಗ ಹೊಸ ವಾಹನ ತಂದಿದ್ದ. ತಂಗಿಯನ್ನೂ ಅವಳ ಮಕ್ಕಳನ್ನೂ ಕೂರಿಸಿಕೊಂಡು ಕೆಳಗಿನ ಹಳ್ಳದವರೆಗೆ ತೋಟದ ಹಾದಿಯಲ್ಲಿ ಇಳಿಯುವೆನೆಂದು ಹೊರಟ. ತೋಟದ ಜೀಪನ್ನು ಬಹುಕಾಲದಿಂದ ಓಡಿಸುತ್ತಿರುವ ಹಿರಿಯ ಚಾಲಕರು ಅಲ್ಲಿಯೇ ನಿಂತಿದ್ದರು.

“ಚಿಕ್ಕ ಸಾಹುಕಾರ್ರೆ, ಇಳಿಯೋದು ಇಳೀತೀರಿ, ಹತ್ತೋದು ಹ್ಯಾಗೆ?” ಎಂದರು.

“ಇದರಲ್ಲಿ ಎಲ್ಲಾ ಇದೆ ಕಣಣ್ಣ, ಅದೇ ಬ್ರೇಕ್ ಹಿಡ್ಕೊಳತ್ತೆ.”

“ಇರ್ಲಿ, ಒಂದ್ಸಲ ನಡ್ಕೊಂಡ್ ಹೋಗ್ಬರೋಣ ಬನ್ನಿ.”

ಇಬ್ಬರೂ ಕೊಡೆ ಹಿಡಿದು ಹೋದರು, ಹಿಂದೆ ನಾವೂ ಹೋದೆವು. ಮೇಲಿನ ಭಾಗದಲ್ಲಿ ಜಲ್ಲಿ ಹಾಕಿದ್ದರಿಂದ ಹಾದಿ ಗಟ್ಟಿಯಾಗಿಯೇ ಇತ್ತು. ಕೆರೆಯ ಕೆಳಗಿನ ತಿರುವಿಗೆ ಬಂದಾಗ ನೀರು ಒಸರಿ ಕೆಂಪು ಮಣ್ಣು ಬೆಣ್ಣೆಯಂತಾಗಿತ್ತು. ಹಾದಿ ಹಳ್ಳದ ಕಡೆಗೆ ಓರೆಯಾಗಿ ವಾಲಿತ್ತು. ನಮ್ಮ ಚಪ್ಪಲಿಯೇ ನಿಲ್ಲಲಿಲ್ಲ. ಅದರ ಹಿಂದಿನ ವರ್ಷ ಅದೇ ತಿರುವಿನಲ್ಲಿ ಗೊಬ್ಬರ ತಂದ ಪಿಕಪ್ಪೊಂದು ಅಡ್ಡ ತಿರುಗಿ ಸಿಲ್ವರ್ ಮರಕ್ಕೆ ಆತು ನಿಂತಿತ್ತಂತೆ. ಮರದ ತೊಗಟೆಯ ಮೇಲೆ ಗಾಯ ಇನ್ನೂ ಇತ್ತು. ಹುಡುಗ ಅದನ್ನು ಮುಟ್ಟಿ ನೋಡಿ ಸುಮ್ಮನೆ ಮೇಲೆ ಬಂದ. ಮಕ್ಕಳನ್ನು ಹಳ್ಳಕ್ಕೆ ನಡೆಸಿಕೊಂಡೇ ಹೋದರು.

ಆ ಹಿರಿಯರು ಮಾಡಿದ್ದು ಮೊದಲ ಪಾಠ. ಕಾಣದ ಇಳಿಜಾರಿನ ನೆತ್ತಿಯಲ್ಲಿ ಗಾಡಿ ನಿಲ್ಲಿಸಿ ಇಳಿದು ನಡೆದು ನೋಡಬೇಕು. ನೆತ್ತಿಯಲ್ಲಿ ಬಾನೆಟ್ಟು ಮುಂದಿನ ಹಾದಿಯನ್ನು ಮರೆಮಾಡುತ್ತದೆ, ಕುಳಿತಲ್ಲಿಂದ ಏನೂ ಕಾಣದು. ಮತ್ತೆ ಹತ್ತಿ ಬರಲು ದಾರಿಯಿದೆಯೇ ಎಂಬುದನ್ನೂ ಆಗಲೇ ಯೋಚಿಸಬೇಕು. ಏಕೆಂದರೆ ನಾಲ್ಕು ಚಕ್ರಗಳಿಗೆ ಬಲವಿಲ್ಲದ ಕಾರುಗಳಲ್ಲಿಯೂ ಈಗ ಈ ಗುಂಡಿ ಬರುತ್ತಿದೆ. ಅವು ಇಳಿದಾವು, ಹತ್ತಲಾರವು. ಸಂಶಯದ ಹಾದಿಯಾದರೆ ಹಿರಿಯರನ್ನೂ ಮಕ್ಕಳನ್ನೂ ಮೊದಲೇ ಇಳಿಸಿ ನಡೆಸಬೇಕು. ಅವರು ಗಾಡಿಯ ಮುಂದೆ ನಡೆಯದೆ ಹಿಂದೆ ಬರಲಿ. ಇದರಲ್ಲಿ ಮಾನ ಹೋಗುವಂಥದೇನೂ ಇಲ್ಲ.

ಗುಂಡಿಯನ್ನು ಒತ್ತಬೇಕಾದುದು ನೆತ್ತಿಯ ಮೇಲೆಯೇ, ಇಳಿಯತೊಡಗಿದ ಮೇಲಲ್ಲ. ಲೋ ರೇಂಜ್ ಇದ್ದರೆ ಅದನ್ನು ನಿಂತಲ್ಲಿಯೇ ಹಾಕಿಕೊಂಡು ಒಂದನೆಯ ಗೇರಿಗೆ ತರಬೇಕು. ಆಟೋಮ್ಯಾಟಿಕ್ ಗಾಡಿಯಾದರೆ ಅತಿ ಕೆಳಗಿನ ಗೇರಿನಲ್ಲಿಡಬೇಕು. ಎಂಜಿನ್ನು ಹೊರಬಹುದಾದ ಭಾರವನ್ನು ಎಂಜಿನ್ನೇ ಹೊರಲಿ, ಉಳಿದುದಕ್ಕೆ ಮಾತ್ರ ಬ್ರೇಕು. ನ್ಯೂಟ್ರಲ್ ಎಂದಿಗೂ ಕೂಡದು. ಕ್ಲಚ್ಚಿದ್ದರೆ ಅದರ ಮೇಲಿನ ಕಾಲನ್ನು ಪೂರ್ತಿ ತೆಗೆಯಬೇಕು. ಪಟ್ಟಣದಲ್ಲಿ ಕಲಿತವರ ಎಡಗಾಲು ಅಂಜಿಕೆಯಲ್ಲಿ ತಾನೇ ಕ್ಲಚ್ಚನ್ನು ಅದುಮುತ್ತದೆ. ಅದುಮಿದ ಕ್ಷಣವೇ ಎಂಜಿನ್ನಿನ ಹಿಡಿತ ತಪ್ಪಿ ಗಾಡಿ ಧುಮುಕುತ್ತದೆ. ಇಳಿಯುವ ದಿಕ್ಕು ನೀರು ಹರಿಯುವ ದಿಕ್ಕು, ಅಂದರೆ ನೇರ ಕೆಳಕ್ಕೆ. ಓರೆಯಾಗಿ ಇಳಿದರೆ ಕಡಿದು ಕಡಿಮೆಯಾದೀತೆಂಬುದು ನಡೆಯುವವರಿಗೆ ಒಪ್ಪುವ ಉಪಾಯ, ವಾಹನಕ್ಕಲ್ಲ. ಒಂದು ವೇಳೆ ಹಿಂಭಾಗ ಪಕ್ಕಕ್ಕೆ ಸರಿಯತೊಡಗಿದರೆ ಬ್ರೇಕನ್ನು ತುಳಿಯುವ ಆಸೆಯನ್ನು ತಡೆದುಕೊಂಡು, ಗಾಡಿಯ ಮೂತಿಯನ್ನು ಇಳಿಜಾರಿನ ನೇರಕ್ಕೆ ತಿರುಗಿಸಿ, ಆಕ್ಸಿಲರೇಟರನ್ನು ಎಳೆಯಷ್ಟು ಒತ್ತಬೇಕು. ಜಾರುತ್ತಿದ್ದ ಚಕ್ರ ಮತ್ತೆ ಉರುಳತೊಡಗಿದಾಗ ಸ್ಟೀರಿಂಗು ಕೈಗೆ ಸಿಗುತ್ತದೆ. ಬೀಳುತ್ತಿರುವಾಗ ವೇಗ ಕೊಡುವುದು ಮನಸ್ಸಿಗೆ ಒಗ್ಗದ ಮಾತು. ಆದುದರಿಂದಲೇ ಇದನ್ನು ಸಣ್ಣ, ಅಪಾಯವಿಲ್ಲದ ದಿಬ್ಬದಲ್ಲಿ ಒಬ್ಬರೇ ಅಭ್ಯಾಸ ಮಾಡಿಕೊಳ್ಳಬೇಕು.

ಸಡಿಲ ಮರಳು, ಆಳದ ಜಲ್ಲಿಯ ಸಂಗತಿ ಬೇರೆ. ಅಂಥಲ್ಲಿ ನಿಂತ ಚಕ್ರವು ತನ್ನ ಮುಂದೆ ಮಣ್ಣಿನ ದಿಂಡನ್ನು ಕೂಡಿಸಿಕೊಂಡು ಬೇಗ ನಿಲ್ಲುತ್ತದೆ, ಬಿಟ್ಟು ಬಿಟ್ಟು ಹಿಡಿಯುವ ಎಬಿಎಸ್ ನಿಲ್ಲಿಸಲು ಹೆಚ್ಚು ದೂರ ತೆಗೆದುಕೊಳ್ಳಬಹುದು. ಅಲ್ಲಿ ಮೊದಲಿನಿಂದಲೂ ಅತಿ ನಿಧಾನವಾಗಿ ಇಳಿಯುವುದೊಂದೇ ಉಪಾಯ.

ಹತ್ತುವಾಗ ಅರ್ಧಕ್ಕೆ ನಿಂತುಹೋದ ಗಾಡಿಯ ಕಷ್ಟ ಇನ್ನೂ ಹೆಚ್ಚಿನದು. ಬಹುಪಾಲು ಅನಾಹುತಗಳ ಬೀಜ ಆ ಗಳಿಗೆಯ ಗಾಬರಿಯಲ್ಲಿದೆ ಎಂಬುದು ನಮ್ಮ ಅಭಿಪ್ರಾಯ. ಮುಖ ತಿರುಗಿಸಿಕೊಂಡು ಇಳಿಯೋಣವೆಂದು ಅಡ್ಡ ಹೊರಳಿಸಲು ಹೋಗುವವರುಂಟು, ಅದು ಮಗುಚುವ ದಾರಿ. ಕಾಲಿನ ಬ್ರೇಕನ್ನು ಬಲವಾಗಿ ಒತ್ತಿ, ಕೈಬ್ರೇಕನ್ನೂ ಎಳೆದು, ರಿವರ್ಸ್ ಗೇರು ಹಾಕಿ, ಎಂಜಿನ್ನು ನಿಂತಿದ್ದರೆ ಮತ್ತೆ ಚಾಲೂ ಮಾಡಿ, ಬಂದ ಗೆರೆಯಲ್ಲಿಯೇ ನೇರ ಹಿಂದಕ್ಕೆ ಇಳಿಯಬೇಕು. ಎಂಜಿನ್ನು ನಿಂತರೆ ಬ್ರೇಕಿಗೆ ಸಿಗುವ ನೆರವು ಒಂದೆರಡು ತುಳಿತಕ್ಕೆ ಮುಗಿದು ಪೆಡಲು ಕಲ್ಲಿನಂತಾಗುತ್ತದೆಂಬುದು ನೆನಪಿರಲಿ. ಅನೇಕ ವಾಹನಗಳಲ್ಲಿ ಇಳಿಜಾರು ನಿಯಂತ್ರಣವು ರಿವರ್ಸ್ ಗೇರಿನಲ್ಲಿಯೂ ಕೆಲಸ ಮಾಡುತ್ತದೆ. ನಿಮ್ಮ ವಾಹನದ ಸಂಗತಿಯನ್ನು ಅದರ ಕೈಪಿಡಿಯಲ್ಲಿ ನೋಡಿಕೊಳ್ಳಿ.

ಯಾತ್ರೆಗೆ ಹೋಗುವ ಕುಟುಂಬಗಳಿಗೆ ಇನ್ನೊಂದು ಮಾತು. ತಾಳಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವಂತಹ ಟಾರಿನ ಘಟ್ಟದ ರಸ್ತೆಗೆ ಈ ಗುಂಡಿ ಬೇಡ. ಅದು ನಡಿಗೆಗಿಂತ ತುಸು ಹೆಚ್ಚಿನ ವೇಗದ, ಗಿಡ್ಡ, ಕಡಿದಾದ ಹಾದಿಗೆಂದು ಮಾಡಿದ್ದು. ಮೈಲುಗಟ್ಟಲೆ ಇಳಿಯುವಾಗ ಅದನ್ನೇ ನೆಚ್ಚಿದರೆ ಬ್ರೇಕು ಕಾದು, ಕೆಲವು ವಾಹನಗಳಲ್ಲಿ ವ್ಯವಸ್ಥೆಯೇ ಎಚ್ಚರಿಕೆ ಕೊಟ್ಟು ಸ್ವಲ್ಪ ಹೊತ್ತು ವಿರಮಿಸುತ್ತದೆ. ಘಟ್ಟಕ್ಕೆ ಕೆಳ ಗೇರೇ ಸಾಕು. ಇನ್ನು ಕೊಲ್ಲೂರಿನಿಂದ ಕೊಡಚಾದ್ರಿಗೆ, ಮಡಿಕೇರಿಯಿಂದ ಮಾಂದಲಪಟ್ಟಿಗೆ ಬಾಡಿಗೆ ಜೀಪುಗಳು ಸಿಗುತ್ತವೆ. ಅವನ್ನು ಓಡಿಸುವವರಿಗೆ ಆ ಹಾದಿಯ ಒಂದೊಂದು ಕಲ್ಲಿನ ಪರಿಚಯವೂ ಇರುತ್ತದೆ. ಮನೆಮಂದಿಯೆಲ್ಲ ಇರುವಾಗ ನಮ್ಮ ಹೊಸ ವಾಹನವನ್ನು ಕೆಳಗೆ ನಿಲ್ಲಿಸಿ ಅವರ ಜೀಪು ಹತ್ತುವುದೇ ಲೇಸೆಂದು ನಾವು ಹೇಳುತ್ತೇವೆ.

ಹೊರಡುವ ಮೊದಲು ಫಲಕದ ಮೇಲೆ ಎಬಿಎಸ್ ದೀಪ ಉರಿಯುತ್ತಿದೆಯೇ ನೋಡಿ. ಉರಿಯುತ್ತಿದ್ದರೆ ಇಳಿಜಾರು ನಿಯಂತ್ರಣವೂ ಇಲ್ಲವೆಂದೇ ತಿಳಿಯಬೇಕು, ಎರಡಕ್ಕೂ ಪಂಪು ಒಂದೇ. ಕೆಸರಿನಲ್ಲಿ ಓಡಿಸಿ ಬಂದ ದಿನ ಚಕ್ರಗಳ ಒಳಬದಿಗೂ ನೀರು ಹೊಡೆಸಿ ತೊಳೆಸಿ. ಸಂವೇದಕದ ಬಳಿ ಮಣ್ಣು ಒಣಗಿ ಕುಳಿತರೂ ಆ ದೀಪ ಹೊತ್ತಿಕೊಳ್ಳುವುದುಂಟು.