‘ರೆಬೆಕಾ’: ದೊಡ್ಡ ಮನೆಯ ಹೊಸ ಯಜಮಾನಿ

ಡಾಫ್ನೆ ಡು ಮೊರಿಯರ್ ಅವರ ‘ರೆಬೆಕಾ’ ಕಾದಂಬರಿ 1938ರಲ್ಲಿ ಪ್ರಕಟವಾಯಿತು. ಅಂದಿನಿಂದಲೂ ಅದು ಪ್ರೇಮಕಥೆಯೆಂಬ ಹಣೆಪಟ್ಟಿಯನ್ನು ಹೊತ್ತುಕೊಂಡೇ ಬಂದಿದೆ. ಲೇಖಕಿಗೆ ಈ ಹಣೆಪಟ್ಟಿ ಹಿಡಿಸಿರಲಿಲ್ಲ; ತಾವು ಬರೆದದ್ದು ಮತ್ಸರದ ಕಥೆ ಎಂಬುದು ಅವರ ನಿಲುವು. ನನ್ನನ್ನು ಕೇಳಿದರೆ ಅದು ಅಂಜಿಕೆಯ ಕಥೆ. ಬಡ ಹುಡುಗಿಯೊಬ್ಬಳು ಸಿರಿವಂತರ ಮನೆಯನ್ನು ಹೊಕ್ಕಾಗ ಪಡುವ ಅಂಜಿಕೆ, ಅದು ನೀಗಬೇಕಾದರೆ ಅವಳು ತೆರುವ ಬೆಲೆ. (ಇನ್ನೂ ಓದದವರು ಇಲ್ಲಿಗೇ ನಿಲ್ಲಿಸಿ, ಪುಸ್ತಕ ಮುಗಿಸಿ ಮರಳಿ ಬನ್ನಿ. ಗುಟ್ಟನ್ನು ಬಿಚ್ಚದೆ ಮುಂದಿನ ಮಾತನ್ನು ಹೇಳಲಾಗದು.)

ಕಥೆ ಹೇಳುವ ತರುಣಿಗೆ ಕಾದಂಬರಿಯುದ್ದಕ್ಕೂ ಹೆಸರೇ ಇಲ್ಲ. ಮಾಂಟೆ ಕಾರ್ಲೊದಲ್ಲಿ ಧನಿಕ ಅಮೆರಿಕನ್ ಮಹಿಳೆಯೊಬ್ಬಳ ಬಳಿ ವರ್ಷಕ್ಕೆ 90 ಪೌಂಡ್ ಸಂಬಳಕ್ಕೆ ಜೊತೆಗಾತಿಯಾಗಿದ್ದವಳು, ಮ್ಯಾಕ್ಸಿಮ್ ಡಿ ವಿಂಟರ್ ಎಂಬ ನಡುವಯಸ್ಸಿನ ವಿಧುರನನ್ನು ಅಲ್ಪ ಕಾಲದ ಪರಿಚಯದಲ್ಲೇ ಮದುವೆಯಾಗಿ, ಅವನ ವಂಶದ ಮನೆಯಾದ ಮ್ಯಾಂಡರ್ಲಿಗೆ ಬರುತ್ತಾಳೆ. ಅಲ್ಲಿ ಎಲ್ಲಿ ನೋಡಿದರೂ ತೀರಿಹೋದ ಮೊದಲ ಹೆಂಡತಿ ರೆಬೆಕಾಳ ಗುರುತು. ಅವಳನ್ನೇ ಆರಾಧಿಸುವ ಡ್ಯಾನ್ವರ್ಸ್ ಎಂಬಾಕೆ ಮನೆವಾರ್ತೆಯ ಮೇಲ್ವಿಚಾರಕಿ.

ಬೇರೆ ಯಾರಾದರೂ ಆಗಿದ್ದರೆ ಇಲ್ಲಿ ಭೂತವನ್ನು ಕರೆತರುತ್ತಿದ್ದರು. ಡು ಮೊರಿಯರ್ ತರುವುದು ಪಿಂಗಾಣಿಯ ಗೊಂಬೆಯನ್ನು. ರೆಬೆಕಾ ಕುಳಿತು ಪತ್ರ ಬರೆಯುತ್ತಿದ್ದ ಕೋಣೆಯಲ್ಲಿ, ಬೆಲೆಬಾಳುವ ಮನ್ಮಥನ ಗೊಂಬೆಯೊಂದು ಹೊಸ ಯಜಮಾನಿಯ ಕೈತಪ್ಪಿ ಒಡೆಯುತ್ತದೆ. ಅವಳು ಚೂರುಗಳನ್ನು ಲಕೋಟೆಗೆ ತುಂಬಿ ಮೇಜಿನ ಖಾನೆಯ ಹಿಂಬದಿಯಲ್ಲಿ ಬಚ್ಚಿಡುತ್ತಾಳೆ. ತನ್ನದೇ ಮನೆಯಲ್ಲಿ! ಕಳವಿನ ಗುಮಾನಿ ರಾಬರ್ಟ್ ಎಂಬ ಆಳಿನ ಮೇಲೆ ಬರುತ್ತದೆ. ಕಡೆಗೆ ಗಂಡನೆದುರು ತಪ್ಪೊಪ್ಪಿಕೊಂಡಾಗ, ನೀನು ಯಜಮಾನಿಯಂತಲ್ಲ, ಕೆಲಸದ ಹುಡುಗಿಯಂತೆ ನಡೆದುಕೊಂಡೆ ಎಂದು ಅವನೇ ಹೇಳುತ್ತಾನೆ. ಮನೆಯೊಳಗಿನ ದೂರವಾಣಿಯಲ್ಲಿ ‘ಶ್ರೀಮತಿ ಡಿ ವಿಂಟರ್’ ಎಂದು ಯಾರೋ ಕರೆದರೆ, ಆಕೆ ತೀರಿಕೊಂಡು ವರ್ಷವಾಯಿತೆಂದು ಉತ್ತರಿಸಿಬಿಡುತ್ತಾಳೆ. ತನ್ನ ಅಗ್ಗದ ಒಳಉಡುಪು ದಾಸಿಯ ಕಣ್ಣಿಗೆ ಬಿದ್ದೀತೆಂಬ ಸಂಕೋಚ ಬೇರೆ. ಸಂಜೆಯ ಚಹಾದೊಂದಿಗೆ ಬಂದು ಉಳಿಯುವ ರಾಶಿ ತಿಂಡಿ ಎಲ್ಲಿಗೆ ಹೋಗುತ್ತದೆಂದು ಕೇಳುವ ಧೈರ್ಯವೂ ಅವಳಿಗಿಲ್ಲ. ಸಿರಿತನದಲ್ಲೇ ಹುಟ್ಟಿ ಬೆಳೆದವರು ಈ ಪುಟಗಳನ್ನು ನಗುತ್ತಾ ಓದಿಯಾರು. ದೊಡ್ಡ ಮನೆತನದ ಮದುವೆಗೆ ಎರವಲು ಸೀರೆಯುಟ್ಟು ಹೋಗಿ, ಊಟದ ಸಾಲಿನಲ್ಲಿ ಎಲ್ಲಿ ಕೂರಬೇಕೆಂದು ತಿಳಿಯದೆ ಕಂಬ ಹಿಡಿದು ನಿಂತವರು ನಗಲಾರರು.

ಇನ್ನು ಬೆಲೆಯ ಮಾತು. ಸಮುದ್ರದ ತಳದಲ್ಲಿ ರೆಬೆಕಾಳ ದೋಣಿ, ಅದರೊಳಗೆ ಅವಳ ಶವ ಸಿಕ್ಕಾಗ ಮ್ಯಾಕ್ಸಿಮ್ ಹೆಂಡತಿಗೆ ನಿಜ ಹೇಳುತ್ತಾನೆ: ಅವಳನ್ನು ಗುಂಡಿಟ್ಟು ಕೊಂದು ದೋಣಿಯೊಡನೆ ಮುಳುಗಿಸಿದವನು ತಾನೇ. ಇದನ್ನು ಕೇಳಿದವಳ ಮನಸ್ಸಿನಲ್ಲಿ ಏಳುವುದೇನು? ಭಯವೂ ಅಲ್ಲ, ಸತ್ತವಳ ಮೇಲೆ ಕನಿಕರವೂ ಅಲ್ಲ. ಗಂಡ ರೆಬೆಕಾಳನ್ನು ಪ್ರೀತಿಸಿರಲೇ ಇಲ್ಲ ಎಂಬ ಒಂದೇ ನೆಮ್ಮದಿ. ಮರುದಿನದ ಬೆಳಗು ಗಮನಿಸಿ. ಕಿಟಕಿ ತೆರೆದಿಲ್ಲ, ಹೂಗಳು ಬಾಡಿವೆ ಎಂದು ಅವಳು ಕೆಲಸದವಳನ್ನು ಗದರಿಸುತ್ತಾಳೆ; ಅಡುಗೆಯ ಪಟ್ಟಿಯನ್ನು ಬದಲಿಸುತ್ತಾಳೆ; ಈಗ ಈ ಮನೆಯ ಶ್ರೀಮತಿ ಡಿ ವಿಂಟರ್ ತಾನೇ ಎಂದು ಡ್ಯಾನ್ವರ್ಸಳಿಗೆ ತಿಳಿಸುತ್ತಾಳೆ. ಮದುವೆಯಿಂದ ದೊರಕದ ಯಜಮಾನಿಕೆ ಕೊಲೆಯ ಗುಟ್ಟನ್ನು ಹಂಚಿಕೊಂಡ ಒಂದೇ ರಾತ್ರಿಯಲ್ಲಿ ದೊರಕಿತು. ಇಡೀ ಕಾದಂಬರಿಯಲ್ಲಿ ನನ್ನನ್ನು ನಡುಗಿಸುವ ಭಾಗ ಇದೇ.

ವಿಚಾರಣೆಗೆ ಬಂದ ಮ್ಯಾಜಿಸ್ಟ್ರೇಟ್ ಕರ್ನಲ್ ಜೂಲಿಯನ್ ಮ್ಯಾಂಡರ್ಲಿಯಲ್ಲಿ ಉಂಡವನು. ಹಾಗೆ ಉಂಡವನು ಮ್ಯಾಕ್ಸಿಮನನ್ನು ಬಿಟ್ಟುಕೊಡಲಾರನೆಂದು ರೆಬೆಕಾಳ ದಾಯಾದಿ ಫಾವೆಲ್ ಅವನ ಮುಖಕ್ಕೇ ಹೇಳುತ್ತಾನೆ. ಫಾವೆಲ್ ಕುಡುಕ, ಬೆದರಿಸಿ ಹಣ ಕೀಳಲು ಬಂದವನು. ಆದರೆ ಆಡುವುದು ನಿಜ. ಅವನ ಬಾಯಿ ಮುಚ್ಚಲೆಂದು ಓದುಗರಾದ ನಾವೇ ಹಾರೈಸುತ್ತಿರುತ್ತೇವೆ!

1940ರಲ್ಲಿ ಹಿಚ್‌ಕಾಕ್ ಇದನ್ನು ಚಲನಚಿತ್ರವಾಗಿಸಿದರು; ಶ್ರೇಷ್ಠ ಚಿತ್ರವೆಂದು ಅದಕ್ಕೆ ಆಸ್ಕರ್ ಬಂತು. ಹೆಂಡತಿಯನ್ನು ಕೊಂದವನು ಶಿಕ್ಷೆಯಿಲ್ಲದೆ ಪಾರಾಗುವುದನ್ನು ಅಂದಿನ ಹಾಲಿವುಡ್ ನಿಯಮಾವಳಿ ಒಪ್ಪುತ್ತಿರಲಿಲ್ಲವಾದ್ದರಿಂದ, ಅಲ್ಲಿ ರೆಬೆಕಾ ಎಡವಿ ಬಿದ್ದು, ತಲೆಗೆ ಪೆಟ್ಟಾಗಿ ಸಾಯುತ್ತಾಳೆ. ಚಿತ್ರ ಸೊಗಸಾಗಿದೆ, ಸಂದೇಹವಿಲ್ಲ. ಆದರೆ ನಾಯಕ ನಿರಪರಾಧಿಯಾದ ಮೇಲೆ ನಾಯಕಿಗೆ ಬಚ್ಚಿಡಲು ಏನು ಉಳಿಯಿತು? ಬೆನ್ನೆಲುಬು ತೆಗೆದ ಮೀನಿನಂತಾಯಿತು ಕಥೆ. ವಹೀದಾ ರೆಹಮಾನ್ ಅಭಿನಯಿಸಿದ ‘ಕೊಹ್ರಾ’ (1964) ನಮ್ಮ ಮನೆಯ ಹಿರಿಯರಿಗೆ ನೆನಪಿರಬಹುದು. ಅದಕ್ಕೂ ಮೂಲ ಈ ಕಾದಂಬರಿಯೇ.

ರೆಬೆಕಾ ದುಷ್ಟೆಯಾಗಿದ್ದಳಲ್ಲವೇ, ಅವಳಿಗೇಕೆ ಕನಿಕರ ಎಂದು ನಿಮ್ಮಲ್ಲಿ ಕೆಲವರು ವಾದಿಸಬಹುದು. ಅವಳ ದುಷ್ಟತನಕ್ಕೆ ನಮಗಿರುವ ಮುಖ್ಯ ಸಾಕ್ಷಿ ಕೊಂದವನ ಬಾಯಿಮಾತು. ಸತ್ತವಳ ಪರವಾಗಿ ಮಾತಾಡುವವರು ಡ್ಯಾನ್ವರ್ಸ್ ಮತ್ತು ಫಾವೆಲ್ ಇಬ್ಬರೇ. ಅವರಿಬ್ಬರನ್ನೂ ನಾವು ದ್ವೇಷಿಸುವಂತೆ ಲೇಖಕಿ ಬಹಳ ಮೊದಲೇ ಏರ್ಪಾಡು ಮಾಡಿಟ್ಟಿದ್ದಾರೆ.