ದಕ್ಷಿಣದ ಬೇಸಗೆಯಲ್ಲಿ ಏಳು ದಿನ



ಸಂಕ್ರಾಂತಿಯೆಂದರೆ ನಮಗೆ ಚಳಿ ಸಡಿಲುವ ಕಾಲ. ಈ ವರ್ಷ ಆ ಹಬ್ಬವನ್ನು ನಾನೂ ನಮ್ಮ ಮನೆಯವರೂ ಉರಿಬಿಸಿಲಿನಲ್ಲಿ ಆಚರಿಸಿದೆವು. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ನೆಲೆಸಿರುವ ಮಗಳ ಮನೆಯಲ್ಲಿ ಕಳೆದ ಆ ಒಂದು ವಾರದ ಅನುಭವವನ್ನು ತಮ್ಮ ಮುಂದೆ ನಿವೇದಿಸುತ್ತಿದ್ದೇನೆ.

ಹೊರಡುವವರಿಗೆ ಮೊದಲೊಂದು ಮಾತು. ಬೀಜ, ಎಲೆ, ಹಾಲಿನ ಪದಾರ್ಥಗಳ ವಿಷಯದಲ್ಲಿ ಆ ದೇಶದ ಕಟ್ಟುನಿಟ್ಟು ಬಹಳ. ಬಿಲ್ವಪತ್ರೆಯನ್ನು ಒಯ್ಯಬೇಡಿ. ರುದ್ರಾಕ್ಷಿಯೂ ಬೀಜವೇ ಆದುದರಿಂದ ವಿಭೂತಿಯೊಡನೆ ಅದನ್ನೂ ಪತ್ರದಲ್ಲಿ ನಮೂದಿಸಿ ತೋರಿಸಿದೆವು. ಮರೆಮಾಚಿದರೆ ದಂಡ ತೆರಬೇಕು. ಕೊರಳಲ್ಲಿದ್ದ ಕರಡಿಗೆಯನ್ನು ಯಾರೂ ಪ್ರಶ್ನಿಸಲಿಲ್ಲ.

ಊರು ಬಲು ಚಟುವಟಿಕೆಯದು. ಸುಮಾರು 250 ಕಿಲೋಮೀಟರ್ ಉದ್ದದ ಟ್ರಾಮ್ ಹಳಿಗಳಿವೆ; ನಡುಪೇಟೆಯೊಳಗೆ 2015ರಿಂದ ಟ್ರಾಮಿಗೆ ಟಿಕೆಟ್ಟೇ ಬೇಡ. ಮಡಿವಾಳದ ಚೌಕದಲ್ಲಿ ಬಸ್ಸಿಗಾಗಿ ನಿಂತು ಸವೆದ ನಮ್ಮ ಕಾಲುಗಳಿಗೆ ಇದು ಸ್ವರ್ಗವಾಗಿಯೇ ಕಂಡಿತು. 1878ರಿಂದ ನಡೆದುಬಂದಿರುವ ಕ್ವೀನ್ ವಿಕ್ಟೋರಿಯಾ ಮಾರುಕಟ್ಟೆಯಲ್ಲಿ ಹಣ್ಣು ತರಕಾರಿಯವರು ಕೂಗಿ ಕರೆಯುವುದು ನಮ್ಮ ಮಡಿವಾಳ ಮಾರ್ಕೆಟ್ಟಿನಂತೆಯೇ. ಆ ಮಾರುಕಟ್ಟೆಯ ಒಂದು ಭಾಗ ಊರಿನ ಹಳೆಯ ಶ್ಮಶಾನದ ಮೇಲೆ ನಿಂತಿದೆ ಎಂದು ಅಳಿಯಂದಿರು ಹೇಳಿದಾಗ ನಮ್ಮ ಮನೆಯವರು ಕೈಯಲ್ಲಿದ್ದ ಸೊಪ್ಪನ್ನು ಅಲ್ಲೇ ಇಟ್ಟುಬಿಟ್ಟರು! ಶರಣರ ಮನೆಯ ಹೆಣ್ಣುಮಗಳಿಗೆ ಸೂತಕವೆಲ್ಲಿಯದು ಎಂದು ನಾನು ನಗೆಯಾಡಿದ್ದಕ್ಕೆ ಆ ದಿನ ಊಟದಲ್ಲಿ ಸೊಪ್ಪಿನ ಸಾರು ತಪ್ಪಿತು.

ಸಮುದ್ರದಂಚಿನ ಗ್ರೇಟ್ ಓಷನ್ ರಸ್ತೆಗೆ ಹೋದದ್ದು ಮೂರನೆಯ ದಿನ. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು 1919ರಿಂದ 1932ರವರೆಗೆ ಸನಿಕೆ ಗುದ್ದಲಿ ಹಿಡಿದು, ಮಡಿದ ಗೆಳೆಯರ ನೆನಪಿಗಾಗಿ ಬಂಡೆ ಕಡಿದು ಮಾಡಿದ ದಾರಿಯದು. ಅಮೃತಶಿಲೆಯ ಸ್ಮಾರಕಗಳನ್ನು ಎಷ್ಟೋ ಕಂಡಿದ್ದೇನೆ. ಕಾಯಕವೇ ಸ್ಮಾರಕವಾದುದನ್ನು ಕಂಡಾಗ ಮನಸ್ಸು ತುಂಬಿಬಂದಿತು.

ಅಲ್ಲಿನ ಬೇಸಗೆಯನ್ನು ನಂಬುವಂತಿಲ್ಲ. ಉತ್ತರದ ಮರುಭೂಮಿಯಿಂದ ಗಾಳಿ ಬೀಸಿದರೆ ನಲವತ್ತು ಡಿಗ್ರಿ. ದಕ್ಷಿಣದ ಕಡಲಗಾಳಿ ತಿರುಗಿದರೆ ಗಂಟೆಯೊಳಗೆ ಸ್ವೆಟರ್ ಬೇಕು. 2009ರ ಫೆಬ್ರವರಿ 7ರಂದು ತಾಪ 46.4 ಡಿಗ್ರಿಗೇರಿ, ಆ ರಾಜ್ಯದಲ್ಲಿ ಹಬ್ಬಿದ ಕಾಳ್ಗಿಚ್ಚಿಗೆ 173 ಜನ ಬಲಿಯಾದರು. ಆದುದರಿಂದ ಕಡುಬಿಸಿಲಿನ ದಿನಗಳಲ್ಲಿ ಬಯಲಿನಲ್ಲಿ ಬೆಂಕಿ ಹೊತ್ತಿಸುವುದನ್ನೇ ನಿಷೇಧಿಸುತ್ತಾರೆ.

ಇನ್ನು ಮನೆಯೊಳಗಿನ ಮಾತು. ಎಂಟು ವರ್ಷದ ಮೊಮ್ಮಗನಿಗೆ ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲೇ ಲಿಂಗದೀಕ್ಷೆಯಾಗಿತ್ತು. ಈಗ ನೋಡಿದರೆ ಅವನ ಕೊರಳು ಬರಿದು. ಕರಡಿಗೆ ಮೇಜಿನ ಸೆಳೆಖಾನೆಯಲ್ಲಿತ್ತು. ಈಜಿನ ತರಗತಿಯಲ್ಲಿ ಇತರ ಹುಡುಗರು ಅದೇನೆಂದು ಕೇಳಿದರಂತೆ. ಇವನಿಗೆ ಉತ್ತರ ತಿಳಿಯಲಿಲ್ಲವಂತೆ. ನಮ್ಮ ಮನೆಯವರು ಆ ರಾತ್ರಿ ಊಟ ಮಾಡಲಿಲ್ಲ. ಮಗಳನ್ನು ಗದರಬೇಕೆಂದು ನಾಲಿಗೆಯ ತುದಿಗೆ ಬಂದ ಮಾತನ್ನು ನಾನು ನುಂಗಿಕೊಂಡೆ. ಉತ್ತರವನ್ನು ಕಲಿಸದಿದ್ದವರಲ್ಲಿ ನಾನೂ ಒಬ್ಬನಲ್ಲವೇ? ದೀಕ್ಷೆಯ ದಿನ ಬಂಧುಗಳ ಊಟೋಪಚಾರದ ಗಡಿಬಿಡಿಯಲ್ಲಿ ಮಗುವಿನೊಡನೆ ಹತ್ತು ನಿಮಿಷ ಕುಳಿತಿರಲಿಲ್ಲ.

ಸಂಕ್ರಾಂತಿಯ ದಿನ ಡ್ಯಾಂಡಿನಾಂಗಿನ ಭಾರತೀಯರ ಅಂಗಡಿಯಿಂದ ತಂದ ಎಳ್ಳಿನಲ್ಲಿ ಎಳ್ಳುಬೆಲ್ಲ ಸಿದ್ಧವಾಯಿತು. ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟೂಮುಕ್ಕಾಲಕ್ಕೆ. ಸಂಜೆಯ ಪೂಜೆಗೆ ಕುಳಿತಾಗ ಹುಡುಗ ಬಳಿಗೆ ಬಂದು, "ತಾತ, ಇವತ್ತಿನಿಂದ ಹಗಲು ದೊಡ್ಡದಾಗುತ್ತೆ ಅಂದ್ರಲ್ಲ, ನಮ್ಮಲ್ಲಿ ಚಿಕ್ಕದಾಗುತ್ತಿದೆಯಲ್ಲ?" ಎಂದ. ನಿಜವೇ. ಭೂಮಿಯ ಆ ಮಗ್ಗುಲಲ್ಲಿ ಉತ್ತರಾಯಣವೆಂದರೆ ಹಗಲು ಕುಗ್ಗುವ ಕಾಲ. ನಡುಮಧ್ಯಾಹ್ನದ ಸೂರ್ಯನೂ ಉತ್ತರಕ್ಕೇ ನಿಲ್ಲುತ್ತಾನೆ. ಪಂಚಾಂಗ ಅಲ್ಲಿ ತಲೆಕೆಳಗಾಗುತ್ತದೆ, ಆದರೆ ಅಂಗೈಯ ಮೇಲಿನ ಲಿಂಗಕ್ಕೆ ದಿಕ್ಕಿನ ಹಂಗಿಲ್ಲ ಎಂದು ನನಗೆ ತಿಳಿದಷ್ಟನ್ನು ಹೇಳಿದೆ. ಅವನು ಸೆಳೆಖಾನೆಯಿಂದ ತನ್ನದನ್ನು ತಂದು ನನ್ನಂತೆಯೇ ಎಡ ಅಂಗೈಯಲ್ಲಿ ಇರಿಸಿಕೊಂಡ. ಐದು ನಿಮಿಷವಷ್ಟೇ, ಆಮೇಲೆ ಟಿವಿಯಲ್ಲಿ ಟೆನಿಸ್ ಎಂದು ಎದ್ದು ಹೋದ.

ಮರುದಿನ ಈಜುಕೊಳದ ಬಳಿ ಅವನು ಶಿವದಾರ ತೆಗೆದು ಕರಡಿಗೆಯನ್ನು ನನ್ನ ಕೈಯಲ್ಲಿಟ್ಟು ನೀರಿಗಿಳಿದ. ಮುಕ್ಕಾಲು ಗಂಟೆ ನಾನು ಅದನ್ನು ಹಿಡಿದು ಕುಳಿತಿದ್ದೆ.